ಐವತ್ತೊಂದು ಬಿಡಿಭಾಗಗಳ ಗಡಿಯಾರ

ಒಂದು ಕಾಲದಲ್ಲಿ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ಕೈಗಡಿಯಾರವೆಂಬುದು ಹೊತ್ತು ನೋಡುವ ಸಾಧನ ಮಾತ್ರವಾಗಿರಲಿಲ್ಲ. ಎಸ್.ಎಸ್.ಎಲ್.ಸಿ.ಯನ್ನು ಮೊದಲ ದರ್ಜೆಯಲ್ಲಿ ಮುಗಿಸಿದ ಮಗನಿಗೆ ತಂದೆ ಕೊಡಿಸುವ ಬಹುಮಾನ ಅದು. ಮದುವೆಯಲ್ಲಿ ಅಳಿಯನಿಗೆ ಮಾವನ ಮನೆಯವರು ಕೊಡುವ ಉಡುಗೊರೆ ಅದು. ಮೂವತ್ತು ವರ್ಷ ದುಡಿದು ನಿವೃತ್ತರಾದ ಗುಮಾಸ್ತರಿಗೆ ಹಾರ ತುರಾಯಿಗಳೊಡನೆ ಕಚೇರಿಯವರು ಒಪ್ಪಿಸುವ ಕಾಣಿಕೆಯೂ ಅದೇ. ಬೆಳಗಿನ ಸ್ನಾನ ಮುಗಿಸಿ ಗಡಿಯಾರಕ್ಕೆ ಕೀ ಕೊಡುವುದು ಎಷ್ಟೋ ಹಿರಿಯರ ನಿತ್ಯವಿಧಿಗಳಲ್ಲಿ ಒಂದಾಗಿತ್ತು. ಆ ಗಡಿಯಾರದ ಮುಖದ ಮೇಲೆ ಬಹುಮಟ್ಟಿಗೆ ‘ಎಚ್.ಎಂ.ಟಿ.’ ಎಂಬ ಮೂರಕ್ಷರಗಳೇ ಇರುತ್ತಿದ್ದುವು.

ಯಂತ್ರೋಪಕರಣಗಳ ತಯಾರಿಕೆಗೆಂದು 1953ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಆ ಸರ್ಕಾರಿ ಸಂಸ್ಥೆ, 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ಕೈಗಡಿಯಾರಗಳನ್ನು ಮಾಡತೊಡಗಿತು. ಮೊದಲ ಗಡಿಯಾರಗಳನ್ನು ಬಿಡುಗಡೆ ಮಾಡಿದವರು ಪ್ರಧಾನಿ ನೆಹರೂ ಅವರು. ಜನತಾ, ಪೈಲಟ್, ಕಾಂಚನ್, ಸೋನಾ—ಈ ಹೆಸರುಗಳನ್ನು ಕೇಳಿದರೆ ಇಂದಿಗೂ ಕೆಲವರ ಕಣ್ಣು ಅರಳುತ್ತದೆ. ಅಂಥ ಸಂಸ್ಥೆಯ ಗಡಿಯಾರ ವಿಭಾಗವನ್ನು ಮುಚ್ಚುವುದೆಂದು ಕೇಂದ್ರ ಸಚಿವ ಸಂಪುಟ 2016ರ ಜನವರಿಯಲ್ಲಿ ತೀರ್ಮಾನಿಸಿತು.

ಇಷ್ಟು ಜನಪ್ರೀತಿ ಗಳಿಸಿದ ಮನೆ ಹೇಗೆ ಮುಳುಗಿತು ಎಂದು ಕೇಳಿದರೆ, “ಸರ್ಕಾರದ್ದಲ್ಲವೆ, ಹಾಗೆಯೇ ಆಗುವುದು” ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಈ ಉತ್ತರ ಸುಲಭವಾದುದು. ಆದುದರಿಂದಲೇ ನನಗೆ ಅದರಲ್ಲಿ ಪೂರ್ಣ ನಂಬಿಕೆಯಿಲ್ಲ. ಏಕೆಂದರೆ ಸರ್ಕಾರದ ಸೋಂಕೇ ಇಲ್ಲದ ಮನೆತನಗಳು, ಜಗತ್ತೇ ತಲೆಬಾಗಿದ ಕಸಬುದಾರರು, ಇದೇ ಕಾಯಿಲೆಯಿಂದ ಇದಕ್ಕೂ ಮೊದಲೇ ಹಾಸಿಗೆ ಹಿಡಿದಿದ್ದರು. ಕಾಯಿಲೆ ಬಂದುದು ಸ್ವಿಟ್ಜರ್ಲೆಂಡಿನ ಗಡಿಯಾರದ ಊರುಗಳಿಗೆ. ಅಲ್ಲಿ ಅದಕ್ಕೆ ಔಷಧವೂ ದೊರೆಯಿತು. ಔಷಧ ಯಾವುದೆಂಬುದನ್ನು ತಿಳಿಯಲು ನಾವು ಜಾಲಹಳ್ಳಿಯಿಂದ ಸ್ವಲ್ಪ ದೂರ ಹೋಗಿ ಬರಬೇಕು.

ಬೆಣಚುಕಲ್ಲಿನ ನಡುಕ

ಹೊಲದ ಬದುವಿನಲ್ಲಿ ಬಿದ್ದಿರುವ ಬೆಣಚುಕಲ್ಲನ್ನು ನೋಡದವರಿಲ್ಲ. ಆ ಜಾತಿಯ ಸ್ಫಟಿಕಕ್ಕೆ ಒಂದು ವಿಚಿತ್ರ ಗುಣವಿದೆ. ಅದನ್ನು ಅದುಮಿದರೆ ಅದರಲ್ಲಿ ವಿದ್ಯುತ್ತು ಹುಟ್ಟುತ್ತದೆ. ವಿದ್ಯುತ್ತನ್ನು ಹಾಯಿಸಿದರೆ ಅದು ಒಂದೇ ಲಯದಲ್ಲಿ ನಡುಗತೊಡಗುತ್ತದೆ. ಕೀ ಕೊಡುವ ಗಡಿಯಾರದ ಚಕ್ರ ಸೆಕೆಂಡಿಗೆ ಐದಾರು ಬಾರಿ ‘ಟಿಕ್’ ಎಂದರೆ, ಮೊದಲ ಸ್ಫಟಿಕ ಗಡಿಯಾರಗಳಲ್ಲಿನ ಹರಳು ಸೆಕೆಂಡಿಗೆ 8,192 ಬಾರಿ ನಡುಗುತ್ತಿತ್ತು. ಇಂದಿನವುಗಳಲ್ಲಿ ಸಾಮಾನ್ಯವಾಗಿ 32,768 ಬಾರಿ. ನಡುಕ ಹೆಚ್ಚಿದಷ್ಟೂ ಕಾಲದ ಎಣಿಕೆ ನಿಖರವಾಗುತ್ತದೆ.

ಈ ಸಂಗತಿ ಹೊಸದಲ್ಲ. 1927ರಲ್ಲೇ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಸ್ಫಟಿಕದ ಗಡಿಯಾರವನ್ನು ಮಾಡಿದ್ದರು; ಆದರೆ ಅಂದಿನ ಅಂಥ ಗಡಿಯಾರಗಳು ಬೀರುವಿನಷ್ಟು ದೊಡ್ಡವು. ಬೀರುವನ್ನು ಮುಂಗೈ ಮೇಲೆ ಕೂರಿಸುವುದು ಹೇಗೆಂಬುದೇ ಮುಂದಿನ ನಾಲ್ಕು ದಶಕಗಳ ಪ್ರಶ್ನೆಯಾಯಿತು.

ಈ ಪ್ರಶ್ನೆಗೆ ಸ್ವಿಸ್ ಜನ ಕುರುಡಾಗಿದ್ದರೆಂದು ಆಡಳಿತ ಶಾಸ್ತ್ರದ ಉಪನ್ಯಾಸಗಳಲ್ಲಿ ಒಂದು ಕಥೆ ಹೇಳುವುದುಂಟು: ಯಾರೋ ಸ್ವಿಸ್ ವಿಜ್ಞಾನಿ ಸ್ಫಟಿಕದ ಗಡಿಯಾರವನ್ನು ಕಂಡುಹಿಡಿದು ಯಜಮಾನರಿಗೆ ತೋರಿಸಿದನಂತೆ, ಅವರು ನಕ್ಕು ಕಳುಹಿಸಿದರಂತೆ, ಪ್ರದರ್ಶನದಲ್ಲಿ ಅದನ್ನು ಕಂಡ ಜಪಾನೀಯರು ಊರಿಗೆ ಹೋಗಿ ಮಾಡಿಯೇಬಿಟ್ಟರಂತೆ. ಕಥೆ ರಸವತ್ತಾಗಿದೆ, ನಿಜ ಇದಕ್ಕಿಂತ ಹೆಚ್ಚು ಸ್ವಾರಸ್ಯವಾದುದು.

ನಿಜವೇನೆಂದರೆ, ಸುಮಾರು ಇಪ್ಪತ್ತು ಸ್ವಿಸ್ ಕಂಪೆನಿಗಳು ತಾವೇ ಹಣ ಕೂಡಿಸಿ 1962ರಲ್ಲಿ ನ್ಯೂಶಾಟೆಲ್ ಎಂಬ ಊರಿನಲ್ಲಿ ವಿದ್ಯುನ್ಮಾನ ಗಡಿಯಾರಗಳಿಗಾಗಿಯೇ ಒಂದು ಪ್ರಯೋಗಶಾಲೆಯನ್ನು ತೆರೆದುವು. ಅದರ ತರುಣ ಇಂಜಿನಿಯರುಗಳು 1967ರಲ್ಲಿ ಜಗತ್ತಿನ ಮೊತ್ತಮೊದಲ ಸ್ಫಟಿಕ ಕೈಗಡಿಯಾರದ ಮಾದರಿಯನ್ನು ಮಾಡಿ ತೋರಿಸಿದರು. ಆ ವರ್ಷ ನ್ಯೂಶಾಟೆಲ್ ವೀಕ್ಷಣಾಲಯ ನಡೆಸಿದ ನಿಖರತೆಯ ಸ್ಪರ್ಧೆಯಲ್ಲಿ ಮೊದಲ ಹತ್ತು ಸ್ಥಾನಗಳೂ ಅವರವೇ. ಬುದ್ಧಿ ಇತ್ತು, ಹಣವಿತ್ತು, ಮುಂದಾಲೋಚನೆಯೂ ಇತ್ತು.

ಇಲ್ಲದಿದ್ದುದು ಒಂದೇ: ‘ಇದು ನನ್ನದು, ಇದಕ್ಕಾಗಿ ನನ್ನ ಕಾರ್ಖಾನೆಯನ್ನು ಬದಲಾಯಿಸುತ್ತೇನೆ’ ಎನ್ನುವ ಯಜಮಾನ. ಇಪ್ಪತ್ತು ಮಂದಿಯ ಪಾಲಿನ ಪ್ರಯೋಗಶಾಲೆ ಇಪ್ಪತ್ತು ಮಂದಿಯ ಹೊರಗೇ ಉಳಿಯಿತು. ಅಲ್ಲಿ ಹುಟ್ಟಿದ ಹೊಸತು ಯಾರ ಕಾರ್ಖಾನೆಯ ಒಂದು ಮೇಜನ್ನೂ ಕದಲಿಸಬೇಕಾಗಿರಲಿಲ್ಲ. 1970ರ ಬಾಸೆಲ್ ಮೇಳದಲ್ಲಿ ‘ಬೀಟಾ 21’ ಎಂಬ ಯಂತ್ರ ಹೊಂದಿದ ಗಡಿಯಾರಗಳನ್ನು ಹಲವು ಮನೆತನಗಳು ತಮ್ಮ ತಮ್ಮ ಹೆಸರಿನಲ್ಲಿ ಪ್ರದರ್ಶಿಸಿದುವು. ತಯಾರಾದುವು ಕೆಲವೇ ಸಾವಿರ; ಬೆಲೆ ಶ್ರೀಮಂತರಿಗೆ ಮಾತ್ರ ನಿಲುಕುವಂಥದು. ಪ್ರದರ್ಶನ ಮುಗಿದ ಬಳಿಕ ಎಲ್ಲರೂ ಊರಿಗೆ ಹೋಗಿ ಎಂದಿನಂತೆ ಚಕ್ರಗಳನ್ನು ಉಜ್ಜತೊಡಗಿದರು.

ಅತ್ತ ಜಪಾನಿನಲ್ಲಿ ವ್ಯವಸ್ಥೆಯೇ ಬೇರೆಯಾಗಿತ್ತು. ಸೀಕೋ ಮನೆತನಕ್ಕೆ ಸುವಾ ಎಂಬಲ್ಲಿ ಒಂದು, ಟೋಕಿಯೋದಲ್ಲಿ ಒಂದು, ಹೀಗೆ ಎರಡು ಕಾರ್ಖಾನೆಗಳು. ಎರಡೂ ಒಂದೇ ತಾಯಿಯ ಮಕ್ಕಳಾದರೂ ಒಂದರೊಡನೊಂದು ಪೈಪೋಟಿ ನಡೆಸುವಂತೆ ಮನೆಯವರೇ ಬಿಟ್ಟಿದ್ದರು. ಸುವಾ ಕಾರ್ಖಾನೆಯಲ್ಲಿ 1959ರಲ್ಲಿ ‘59ಎ’ ಎಂಬ ಗುಪ್ತನಾಮದಿಂದ ಸ್ಫಟಿಕದ ಕೆಲಸ ಆರಂಭವಾಯಿತು. 1964ರ ಟೋಕಿಯೋ ಒಲಿಂಪಿಕ್ಸಿನ ಹೊತ್ತಿಗೆ ಬೀರು ಕರಗಿ, ಮೂರು ಕಿಲೋ ತೂಕದ, ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಪೆಟ್ಟಿಗೆಯಾಗಿತ್ತು. 1969ರ ಡಿಸೆಂಬರ್ 25ರಂದು ಅದು ‘ಆಸ್ಟ್ರಾನ್’ ಎಂಬ ಹೆಸರಿನಿಂದ ಮುಂಗೈ ಏರಿತು. ಬೆಲೆ 4,50,000 ಯೆನ್; ಆಗ ಅಷ್ಟು ಹಣಕ್ಕೆ ಒಂದು ಸಣ್ಣ ಮೋಟಾರು ಕಾರು ಬರುತ್ತಿತ್ತು. ತಿಂಗಳಿಗೆ ಐದು ಸೆಕೆಂಡಿಗಿಂತ ಹೆಚ್ಚು ತಪ್ಪದು ಎಂಬುದು ಅದರ ಹೆಗ್ಗಳಿಕೆ. ಮೊದಲ ಗಡಿಯಾರ ಸ್ವಿಸ್ ಗಡಿಯಾರದಷ್ಟೇ ದುಬಾರಿಯಾಗಿತ್ತೆಂಬುದನ್ನು ಗಮನಿಸಬೇಕು. ಭೇದ ಬಂದುದು ಅನಂತರ. ಜಪಾನೀಯರು ಪ್ರಯೋಗಶಾಲೆಯ ಬಾಗಿಲನ್ನು ಕಾರ್ಖಾನೆಯೊಳಕ್ಕೇ ತೆರೆದಿದ್ದರು. ವರ್ಷ ವರ್ಷಕ್ಕೂ ಬೆಲೆ ಇಳಿಸುತ್ತ ಹೋದರು. ಅವರ ಹಿಂದೆಯೇ ಹಾಂಗ್‌ಕಾಂಗಿನವರು ಬಂದರು.

ಇಪ್ಪತ್ತು ಯಜಮಾನರು

ಸ್ವಿಟ್ಜರ್ಲೆಂಡಿನಲ್ಲಿ 1970ರ ಸುಮಾರಿಗೆ ಗಡಿಯಾರವನ್ನು ನಂಬಿ ಬದುಕುತ್ತಿದ್ದ ಕೆಲಸಗಾರರು 90,000ದ ಆಸುಪಾಸು. 1980ರ ದಶಕದ ನಡುವಿನ ಹೊತ್ತಿಗೆ ಉಳಿದವರು ಅದರ ಮೂರನೆಯ ಒಂದು ಪಾಲು. ಜ್ಯೂರಾ ಬೆಟ್ಟಗಳ ಕಣಿವೆಗಳಲ್ಲಿ ಅಜ್ಜ, ಮಗ, ಮೊಮ್ಮಗ ಒಂದೇ ಕಿಟಕಿಯ ಬಳಿ ಕುಳಿತು ಮಾಡುತ್ತಿದ್ದ ಕಸಬು ನಿಂತುಹೋಯಿತು. ಸ್ವಿಸ್ ಫ್ರಾಂಕಿನ ಮೌಲ್ಯ ಏರಿದುದೂ, ಜಗತ್ತಿನ ವ್ಯಾಪಾರ ಕುಸಿದುದೂ ಇದಕ್ಕೆ ಕಾರಣಗಳೆಂಬುದನ್ನು ಮರೆಯಲಾಗದು. ಎಲ್ಲ ಪಾಪವನ್ನೂ ಯಜಮಾನರ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಅವರು ದೀರ್ಘಕಾಲ ಕಾನೂನಿನ ಬೇಲಿಯೊಳಗೆ ಬೆಳೆದವರು. 1930ರ ದಶಕದಿಂದ ಹೊಸ ಕಾರ್ಖಾನೆ ತೆರೆಯಲು, ಇದ್ದುದನ್ನು ಹಿಗ್ಗಿಸಲು ಸರ್ಕಾರದ ಅಪ್ಪಣೆ ಬೇಕಿತ್ತು. ಒಬ್ಬ ಕವಚ ಮಾಡಬೇಕು, ಒಬ್ಬ ಮುಳ್ಳು ಮಾಡಬೇಕು, ಒಬ್ಬ ಜೋಡಿಸಬೇಕು; ಯಾರೂ ಇನ್ನೊಬ್ಬರ ಹೊಲಕ್ಕೆ ಕಾಲಿಡಬಾರದು. ಅಂಥ ಏರ್ಪಾಡಿನಲ್ಲಿ ಜಗಳವಿರುವುದಿಲ್ಲ. ಹೊಸತೂ ಇರುವುದಿಲ್ಲ.

ಇಂಥ ಏರ್ಪಾಡಿನ ಸಣ್ಣ ರೂಪಗಳನ್ನು ನಾವೆಲ್ಲರೂ ಕಂಡವರೇ. ನಾನು ಹಿಂದೆ ಪಾಠ ಹೇಳುತ್ತಿದ್ದ ಒಂದು ಕಾಲೇಜಿನ ಮೊಗಸಾಲೆಯಲ್ಲಿ ‘ಸಲಹೆಗಳಿಗೆ ಸ್ವಾಗತ’ ಎಂದು ಬರೆದ ಅಂದವಾದ ಪೆಟ್ಟಿಗೆಯನ್ನು ತೂಗುಹಾಕಿದ್ದರು. ಅದಕ್ಕೊಂದು ಬೀಗವೂ ಇತ್ತು. ಬೀಗದ ಕೈ ಯಾರ ಬಳಿಯಲ್ಲಿದೆ ಎಂಬುದು ಮಾತ್ರ ನಾನಿದ್ದ ನಾಲ್ಕು ವರ್ಷಗಳಲ್ಲಿ ಇತ್ಯರ್ಥವಾಗಲಿಲ್ಲ.

ಜನಸಾಮಾನ್ಯರ ಸನ್ನಿ

ಗ್ರೆಂಖೆನ್ ಎಂಬ ಊರಿನಲ್ಲಿ ‘ಏಟಾ’ ಎಂಬ ಕಾರ್ಖಾನೆಯಿದೆ. ಗಡಿಯಾರದ ಒಳಯಂತ್ರಗಳನ್ನು ಮಾಡಿ ಇತರ ಕಂಪೆನಿಗಳಿಗೆ ಒದಗಿಸುವುದು ಅದರ ಕಸಬು. ಮುಳುಗುತ್ತಿದ್ದ ಈ ಹಡಗಿಗೆ 1978ರಲ್ಲಿ ಎರ್ನ್‌ಸ್ಟ್ ಥೋಂಕೆ ಎಂಬವರು ಮುಖ್ಯಸ್ಥರಾಗಿ ಬಂದರು. ಈ ಮನುಷ್ಯ ಹುಡುಗನಾಗಿದ್ದಾಗ ಅದೇ ಕಾರ್ಖಾನೆಯಲ್ಲಿ ಕೆಲಸ ಕಲಿತು, ಮುಂದೆ ವೈದ್ಯ ವಿದ್ಯೆಯನ್ನು ಓದಿ, ಔಷಧದ ಕಂಪೆನಿಯಲ್ಲಿ ವ್ಯಾಪಾರದ ಪಟ್ಟುಗಳನ್ನು ಅರಿತು ಮರಳಿದವರು. ಒಳಗಿನವರೂ ಹೌದು, ಹೊರಗಿನವರೂ ಹೌದು. ಮೃದುಭಾಷಿಯಂತೂ ಅಲ್ಲ.

ಆಗ ಅತ್ಯಂತ ತೆಳುವಾದ ಗಡಿಯಾರವನ್ನು ಮಾಡುವುದರಲ್ಲಿ ಜಪಾನೀಯರದೇ ಮೇಲುಗೈಯಾಗಿತ್ತು. ಥೋಂಕೆ ತಮ್ಮ ಇಂಜಿನಿಯರುಗಳ ಮುಂದೆ ಅಸಾಧ್ಯವೆನ್ನಿಸುವ ಗುರಿಯೊಂದನ್ನಿಟ್ಟರು: ಎರಡು ಮಿಲಿಮೀಟರಿಗಿಂತ ತೆಳುವಾದ ಗಡಿಯಾರ ಬೇಕು. ಗಡಿಯಾರದಲ್ಲಿ ಯಂತ್ರವನ್ನು ಹೊರುವ ತಟ್ಟೆ ಬೇರೆ, ಬೆನ್ನಿನ ಮುಚ್ಚಳ ಬೇರೆ ಇರುವುದು ಶತಮಾನಗಳ ರೂಢಿ. ಮುಚ್ಚಳವನ್ನೇ ತಟ್ಟೆಯಾಗಿ ಬಳಸಿದರೆ ಒಂದು ಪದರವೇ ಉಳಿಯುವುದಲ್ಲ! ಈ ಉಪಾಯದಿಂದ 1979ರ ಆರಂಭದಲ್ಲಿ 1.98 ಮಿಲಿಮೀಟರ್ ದಪ್ಪದ ಚಿನ್ನದ ಗಡಿಯಾರ ಹೊರಬಂದಿತು. ಅದಕ್ಕೆ ಅವರಿಟ್ಟ ಹೆಸರು ‘ಡೆಲಿರಿಯಂ’. ಎಂದರೆ ನಮ್ಮ ಮಾತಿನಲ್ಲಿ ಸನ್ನಿ. ಹೆಸರಿಟ್ಟವರಿಗೆ ತಮ್ಮ ಕೆಲಸದ ಮೇಲೆ ತಮಗೇ ನಗುವ ಧೈರ್ಯವಿತ್ತೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಆದರೆ ಚಿನ್ನದ ಗಡಿಯಾರ ಎಷ್ಟು ಮಂದಿಯ ಒಲೆ ಉರಿಸೀತು? ಕಾರ್ಖಾನೆ ಉಳಿಯಬೇಕಾದರೆ ಲಕ್ಷ ಲಕ್ಷ ಗಡಿಯಾರಗಳು ಬೇಕು. ಹಾಂಗ್‌ಕಾಂಗಿನ ಬೆಲೆಯಲ್ಲಿ, ಸ್ವಿಸ್ ಕೂಲಿಯಲ್ಲಿ.

ಅದೇ ಕಾರ್ಖಾನೆಯಲ್ಲಿ ಎಲ್ಮಾರ್ ಮೋಕ್ ಎಂಬ ಇಪ್ಪತ್ತಾರರ ಆಸುಪಾಸಿನ ತರುಣನಿದ್ದ. ಗಡಿಯಾರದ ವಿದ್ಯೆಯ ಜೊತೆಗೆ ಪ್ಲಾಸ್ಟಿಕ್ಕಿನ ವಿದ್ಯೆಯನ್ನೂ ಕಲಿತಿದ್ದವನು. ಪ್ಲಾಸ್ಟಿಕ್ಕನ್ನು ಕರಗಿಸಿ ಅಚ್ಚಿಗೆ ತುಂಬುವ, ಸುಮಾರು ಐದು ಲಕ್ಷ ಫ್ರಾಂಕ್ ಬೆಲೆಯ ಯಂತ್ರವೊಂದು ಬೇಕೆಂದು ಆತ ಅರ್ಜಿ ಹಾಕಿದ. ಕಾರ್ಖಾನೆಯಲ್ಲಿ ಜನರನ್ನು ಮನೆಗೆ ಕಳುಹಿಸುತ್ತಿದ್ದ ದಿನಗಳಲ್ಲಿ ಇಂಥ ಅರ್ಜಿ! 1980ರ ಮಾರ್ಚ್ 27ರಂದು ಬೆಳಗ್ಗೆ ಥೋಂಕೆಯವರಿಂದ ಕರೆ ಬಂದಿತು: ಮಧ್ಯಾಹ್ನ ಒಂದು ಗಂಟೆಗೆ ನನ್ನ ಕೋಣೆಗೆ ಬಂದು ಕಾರಣ ಹೇಳಬೇಕು. ಉಳಿದಿದ್ದುದು ಎರಡು ಗಂಟೆಯ ಕಾಲ. ಮೋಕ್ ತನ್ನ ಸಹೋದ್ಯೋಗಿ ಜಾಕ್ ಮ್ಯುಲರನನ್ನು ಕರೆದುಕೊಂಡ. ತಾವಿಬ್ಬರೂ ಆವರೆಗೆ ಬಿಡಿಬಿಡಿಯಾಗಿ ಮಾತನಾಡಿಕೊಳ್ಳುತ್ತಿದ್ದುದನ್ನೆಲ್ಲ ಒಂದು ಕಾಗದದ ಮೇಲೆ ಬಣ್ಣದಲ್ಲಿ ಬರೆದರು. ಅದು ಪ್ಲಾಸ್ಟಿಕ್ಕಿನ ಗಡಿಯಾರದ ಚಿತ್ರ. ಚಿತ್ರವನ್ನು ನೋಡಿದ ಥೋಂಕೆಯವರು ಬೈಯಲಿಲ್ಲ. ಕೆಲಸ ಆರಂಭಿಸಲು ಅನುಮತಿ ಕೊಟ್ಟರು.

ಈ ಸನ್ನಿವೇಶದಲ್ಲಿ ನಮ್ಮ ಗಮನ ಸಹಜವಾಗಿ ಹುಡುಗರ ಜಾಣ್ಮೆಯ ಕಡೆಗೆ ಹರಿಯುತ್ತದೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದು ಬಾಗಿಲುಗಳ ಲೆಕ್ಕ. ಚಿತ್ರ ಬರೆದವನಿಗೂ ‘ಆಗಲಿ’ ಎನ್ನಬಲ್ಲವನಿಗೂ ನಡುವೆ ಇದ್ದುದು ಒಂದೇ ಬಾಗಿಲು. ನ್ಯೂಶಾಟೆಲ್ಲಿನಲ್ಲಿ ಇಪ್ಪತ್ತಿದ್ದುವು. ಅಲ್ಲಿನವರು ದಡ್ಡರಲ್ಲ, ಇಲ್ಲಿನವರು ದೇವತೆಗಳೂ ಅಲ್ಲ.

ಹೊಸ ಕೆಲಸಕ್ಕೆ ‘ಡೆಲಿರಿಯಂ ವಲ್ಗಾರೆ’, ಎಂದರೆ ಜನಸಾಮಾನ್ಯರ ಸನ್ನಿ, ಎಂದು ಅಡ್ಡಹೆಸರಿಟ್ಟರು. ಅತ್ಯಂತ ದುಬಾರಿ ಗಡಿಯಾರಕ್ಕಾಗಿ ಕಲಿತ ಉಪಾಯವನ್ನೇ ಅತ್ಯಂತ ಅಗ್ಗದ ಗಡಿಯಾರಕ್ಕೆ ತಿರುಗಿಸಿದುದೇ ಇದರ ಸೊಗಸು. ಪ್ಲಾಸ್ಟಿಕ್ಕಿನ ಕವಚವೇ ಯಂತ್ರವನ್ನು ಹೊರುವ ತಟ್ಟೆಯೂ ಆಯಿತು. ತೊಂಬತ್ತಕ್ಕೂ ಮೇಲ್ಪಟ್ಟಿರುತ್ತಿದ್ದ ಬಿಡಿಭಾಗಗಳು ಐವತ್ತೊಂದಕ್ಕೆ ಇಳಿದುವು. ಎಲ್ಲವನ್ನೂ ಮೇಲಿನಿಂದ ಒಂದೇ ದಿಕ್ಕಿನಲ್ಲಿ ಇಟ್ಟು ಜೋಡಿಸುವುದರಿಂದ ಆ ಕೆಲಸವನ್ನು ಯಂತ್ರಗಳೇ ಮಾಡಬಹುದಾಯಿತು. ಕೊನೆಗೆ ಗಾಜನ್ನು ಶಬ್ದತರಂಗಗಳ ಬಿಸಿಯಿಂದ ಕವಚಕ್ಕೆ ಬೆಸೆದುಬಿಡುವುದು. ಒಮ್ಮೆ ಬೆಸೆದರೆ ಬಿಚ್ಚುವಂತಿಲ್ಲ. ರಿಪೇರಿಯೆಂಬ ಮಾತೇ ಇಲ್ಲ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಗಾಜಿನ ಬಟ್ಟಲಿನಡಿ ಚಕ್ರಗಳನ್ನು ಮುಚ್ಚಿಟ್ಟು, ಬೀದಿಯ ಮೂಲೆಯಲ್ಲಿ ಕುಳಿತಿರುತ್ತಿದ್ದ ನಮ್ಮ ಗಡಿಯಾರ ರಿಪೇರಿಯವರು ಇದನ್ನು ಕಂಡು ಏನೆಂದಿದ್ದಾರು! ಹೊಸತು ಯಾರದೋ ಅನ್ನವನ್ನು ಉಳಿಸುವಾಗ ಇನ್ನಾರದೋ ಅನ್ನವನ್ನು ಕಸಿಯುತ್ತದೆ.

1982ರ ಕೊನೆಯಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಪರೀಕ್ಷೆಗಾಗಿ ಮಾರಿ ನೋಡಿದಾಗ ಯಾರೂ ಅಷ್ಟಾಗಿ ಕೊಳ್ಳಲಿಲ್ಲ. ಅಂಥ ಸುದ್ದಿ ಬಂದಾಗ ‘ನಾವು ಮೊದಲೇ ಹೇಳಿದ್ದೆವು’ ಎನ್ನುವವರು ಎಲ್ಲ ಕಚೇರಿಗಳಲ್ಲಿಯೂ ಇರುತ್ತಾರೆ. ಆದರೆ ಕೆಲಸ ನಿಲ್ಲಲಿಲ್ಲ. 1983ರ ಮಾರ್ಚ್ 1ರಂದು ಜ್ಯೂರಿಕ್ ನಗರದಲ್ಲಿ ಹನ್ನೆರಡು ಬಗೆಯ ‘ಸ್ವಾಚ್’ ಗಡಿಯಾರಗಳು ಬಿಡುಗಡೆಯಾದುವು; ಬೆಲೆ ಐವತ್ತು ಫ್ರಾಂಕಿನೊಳಗೆ. ಅದನ್ನು ಗಡಿಯಾರವೆಂದಲ್ಲ, ಉಡುಪಿನಂತೆ ದಿನಕ್ಕೊಂದು ಬದಲಿಸುವ ಅಲಂಕಾರವೆಂದು ಮಾರಿದರು. ಆ ವರ್ಷವೇ ದಿವಾಳಿಯ ಅಂಚಿಗೆ ಬಂದಿದ್ದ ಎರಡು ದೊಡ್ಡ ಗಡಿಯಾರ ಒಕ್ಕೂಟಗಳನ್ನು ಒಂದುಗೂಡಿಸಲಾಯಿತು. ಬ್ಯಾಂಕುಗಳಿಗೆ ಸಲಹೆಗಾರರಾಗಿದ್ದ ನಿಕೋಲಾಸ್ ಹಾಯೆಕ್ ಆ ಏರ್ಪಾಡಿನ ಸೂತ್ರಧಾರರಾದರು. ಎರಡು ವರ್ಷದ ಬಳಿಕ ಕೆಲವರೊಡಗೂಡಿ ಅದರ ಬಹುಪಾಲನ್ನು ಕೊಂಡುಕೊಂಡರು. ಗಡಿಯಾರದ ವೆಚ್ಚದಲ್ಲಿ ಕೂಲಿಯ ಪಾಲು ಹತ್ತನೆಯ ಒಂದಕ್ಕಿಂತ ಕಡಿಮೆಯಾದರೆ ಅಗ್ಗದ ಕೂಲಿಯ ದೇಶಕ್ಕೆ ಓಡಬೇಕಾದುದೇ ಇಲ್ಲವೆಂಬುದು ಅವರ ಲೆಕ್ಕ. ಬಿಡಿಭಾಗಗಳನ್ನು ಐವತ್ತೊಂದಕ್ಕೆ ಇಳಿಸಿದುದರ ಅರ್ಥ ಆಗ ಎಲ್ಲರಿಗೂ ತಿಳಿಯಿತು.

ಮೋಕ್ ಏನಾದ? ಸ್ವಾಚ್ ಜಗತ್ತನ್ನು ಗೆಲ್ಲುತ್ತಿದ್ದಾಗಲೇ, 1986ರಲ್ಲಿ, ಆತ ಕಾರ್ಖಾನೆಯನ್ನು ಬಿಟ್ಟು ಬೀಲ್ ಎಂಬ ಊರಿನಲ್ಲಿ ಹೊಸ ಕಲ್ಪನೆಗಳನ್ನೇ ಸರಕಾಗಿ ಉಳ್ಳ ತನ್ನದೇ ಚಿಕ್ಕ ಸಂಸ್ಥೆಯನ್ನು ಕಟ್ಟಿದ. ಮುಳುಗುವ ಕಾರ್ಖಾನೆಗೆ ಬೇಕಾಗುವಂಥ ಮನುಷ್ಯ ಬೇರೆ, ಗೆದ್ದ ಕಾರ್ಖಾನೆಗೆ ಬೇಕಾಗುವವನು ಬೇರೆ ಎಂದು ತೋರುತ್ತದೆ.

ಜಾಲಹಳ್ಳಿ, ಹೊಸೂರು

ಈಗ ಊರಿಗೆ ಮರಳೋಣ. ಎಚ್.ಎಂ.ಟಿ.ಯಲ್ಲಿ ಕಲ್ಪನೆಗೆ ಬರಗಾಲವಿತ್ತೆಂದು ಯಾರೂ ಭಾವಿಸಬೇಕಾಗಿಲ್ಲ. ಕಣ್ಣಿಲ್ಲದವರು ಬೆರಳಿನಿಂದ ಮುಟ್ಟಿ ಹೊತ್ತು ತಿಳಿಯುವ ಬ್ರೈಲ್ ಗಡಿಯಾರವನ್ನು ಅವರು ಮಾಡಿದ್ದರು. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಮಕ್ಕಳು ಬೆರಗಿನಿಂದ ನೋಡುವ ಹೂವಿನ ಗಡಿಯಾರ ಅವರದೇ ಕೊಡುಗೆ. ಅಷ್ಟೇಕೆ, 1980ರ ದಶಕದ ಮೊದಲಲ್ಲೇ ನಮ್ಮ ದೇಶದಲ್ಲಿ ಸ್ಫಟಿಕದ ಕೈಗಡಿಯಾರವನ್ನು ತಂದವರೂ ಅವರೇ. ನ್ಯೂಶಾಟೆಲ್ಲಿನ ಕಥೆ ಇಲ್ಲಿ ಅಕ್ಷರಶಃ ಮರುಕಳಿಸಿತು: ಹೊಸತು ಮನೆಯಲ್ಲೇ ಹುಟ್ಟಿತು, ಆದರೆ ಮನೆ ತನ್ನ ಗೋಡೆಗಳನ್ನು ಕದಲಿಸಲಿಲ್ಲ. ಕೀ ಕೊಡುವ ಗಡಿಯಾರಗಳಿಗೆ ಜನ ಕಾದು ನಿಂತಿದ್ದಾಗ, ಅವುಗಳಿಗಾಗಿಯೇ ಕಟ್ಟಿದ ಕಾರ್ಖಾನೆಗಳು ತುಮಕೂರಿನಲ್ಲಿ, ಶ್ರೀನಗರದಲ್ಲಿ ಇದ್ದಾಗ, ಅವುಗಳನ್ನು ಬದಿಗೊತ್ತುವ ಅಧಿಕಾರ ಯಾರಿಗಿತ್ತು? ಇಂಜಿನಿಯರಿನ ಮೇಲೆ ವ್ಯವಸ್ಥಾಪಕ, ಆತನ ಮೇಲೆ ಮಂಡಳಿ, ಮಂಡಳಿಯ ಮೇಲೆ ಸಚಿವಾಲಯ, ಅದರ ಮೇಲೆ ಹಣಕಾಸಿನವರು. ಒಬ್ಬೊಬ್ಬರೂ ತಮ್ಮ ಕರ್ತವ್ಯವನ್ನು ನಿಷ್ಠೆಯಿಂದ ಮಾಡುವವರೇ ಆಗಿದ್ದರೂ ಬಾಗಿಲುಗಳ ಲೆಕ್ಕ ತಪ್ಪುವುದಿಲ್ಲ.

ಬೆಂಗಳೂರಿನಿಂದ ನಲವತ್ತು ಕಿಲೋಮೀಟರ್ ದೂರದ ಹೊಸೂರಿನಲ್ಲಿ, ಟಾಟಾ ಮನೆತನವೂ ತಮಿಳುನಾಡು ಸರ್ಕಾರದ ಉದ್ಯಮ ನಿಗಮವೂ ಸೇರಿ 1984ರಲ್ಲಿ ಟೈಟನ್ ಕಂಪೆನಿಯನ್ನು ಆರಂಭಿಸಿದುವು. ಅಲ್ಲಿಯೂ ಸರ್ಕಾರದ ಪಾಲಿತ್ತೆಂಬುದನ್ನು ‘ಸರ್ಕಾರದ್ದಲ್ಲವೆ’ ಎನ್ನುವವರು ಗಮನಿಸಬೇಕು. ಮುಖ್ಯಸ್ಥರಾದ ಜರ್ಕ್ಸಿಸ್ ದೇಸಾಯಿ ಮುದ್ರಣಾಲಯವೊಂದನ್ನು ನಡೆಸಿದ್ದವರು, ಗಡಿಯಾರದ ಕಸಬಿನವರಲ್ಲ. ಸ್ಫಟಿಕ ಗಡಿಯಾರಗಳನ್ನೇ ನೆಚ್ಚಿ ಹೊರಟರು. ಎಚ್.ಎಂ.ಟಿ.ಯಲ್ಲಿ ಪಳಗಿದ ಕೆಲವರೂ ಅಲ್ಲಿ ಸೇರಿದರು. ಸುತ್ತಲಿನ ಜಿಲ್ಲೆಗಳ ಶಾಲೆಗಳಿಂದ ಹದಿನೇಳು ಹದಿನೆಂಟರ ಹುಡುಗ ಹುಡುಗಿಯರನ್ನು ಆರಿಸಿ ತಂದು ಕಲಿಸಿದರು. ಕಸಬು ಅದೇ, ಕೈಗಳೂ ಬಹುಮಟ್ಟಿಗೆ ಅಂಥವೇ, ಬೇರೆಯಾದುದು ಬಾಗಿಲು.

ಅಲ್ಲಿ ಎಲ್ಲವೂ ಗೆಲುವಾಯಿತೆಂದಲ್ಲ. ಯೂರೋಪಿನಲ್ಲಿ ಗಡಿಯಾರ ಮಾರಹೊರಟು ಕೈಸುಟ್ಟುಕೊಂಡರು. 1990ರ ದಶಕದಲ್ಲಿ ಆರಂಭಿಸಿದ ತನಿಷ್ಕ್ ಆಭರಣದ ವ್ಯಾಪಾರ ಹಲವು ವರ್ಷ ನಷ್ಟವನ್ನೇ ಉಂಡಿತು. ಅದನ್ನು ಮುಚ್ಚಿಬಿಡಿ ಎಂದವರ ಮಾತು ಗೆದ್ದಿದ್ದರೆ, ಮುಂದೆ ಆ ಕಂಪೆನಿಯ ಬಹುಪಾಲು ವರಮಾನ ತಂದ ವ್ಯಾಪಾರವೇ ಇರುತ್ತಿರಲಿಲ್ಲ. ಹೊಸತನ್ನು ಹೊಗಳುವ ಸಂಸ್ಥೆಗಳು ಬೇಕಾದಷ್ಟಿವೆ. ಸೋತವನಿಗೆ ಮರುದಿನ ಅದೇ ಕುರ್ಚಿಯನ್ನು ಬಿಟ್ಟುಕೊಡುವವು ಕಡಿಮೆ. 2002ರಲ್ಲಿ ಹೊಸೂರಿನ ಇಂಜಿನಿಯರುಗಳು ‘ಎಜ್’ ಎಂಬ ಗಡಿಯಾರವನ್ನು ತಂದರು. ಒಟ್ಟು ದಪ್ಪ 3.5 ಮಿಲಿಮೀಟರ್, ಒಳಗಿನ ಯಂತ್ರದ್ದು 1.15 ಮಿಲಿಮೀಟರ್, ನೀರು ಬಿದ್ದರೂ ಕೆಡದು. ಹಲವು ವರ್ಷಗಳ ದುಡಿಮೆಯ ಫಲ ಅದು. ಆ ಅವಧಿಯಲ್ಲಿ ಪೇಟೆಗೆ ಬಾರದ ಗಡಿಯಾರವೊಂದಕ್ಕೆ ಯಾರೋ ಸಂಬಳ ಕೊಡುತ್ತಲೇ ಇದ್ದರು.

ಎಚ್.ಎಂ.ಟಿ.ಯ ಮೇಲೆ ಕಳ್ಳಸಾಗಣೆಯ ಅಗ್ಗದ ಗಡಿಯಾರಗಳ ಹೊಡೆತವೂ ಬಿದ್ದಿತ್ತು. ಲಾಭಕ್ಕಿಂತ ಉದ್ಯೋಗಕ್ಕಾಗಿ ಕಾರ್ಖಾನೆ ತೆರೆಯುವ ಹೊಣೆಯೂ ಇತ್ತು. ಆದುದರಿಂದ ಹೊಸೂರನ್ನು ಹೊಗಳಲು ಜಾಲಹಳ್ಳಿಯನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಮುಚ್ಚುವ ಸುದ್ದಿ ಬಂದಾಗ ಜನ ಹಳೆಯ ಅಂಗಡಿಗಳಲ್ಲಿ ಉಳಿದಿದ್ದ ಪೈಲಟ್, ಜನತಾಗಳನ್ನು ಹುಡುಕಿ ಹುಡುಕಿ ಕೊಂಡರು. 2019ರಲ್ಲಿ ಜಾಲಹಳ್ಳಿಯಲ್ಲಿ ಒಂದು ವಸ್ತುಸಂಗ್ರಹಾಲಯವೂ ತೆರೆಯಿತು. 1978ರಲ್ಲಿ ಆರಂಭವಾಗಿದ್ದ ತುಮಕೂರಿನ ಗಡಿಯಾರ ಕಾರ್ಖಾನೆಯ ನೂರಕ್ಕೂ ಹೆಚ್ಚು ಎಕರೆ ನೆಲ ಇಸ್ರೋ ಸಂಸ್ಥೆಗೆ ಹೋಯಿತು.